ನೌರಸ್ ಎಂಬ ನಾಲ್ಕಕ್ಷರ



ಮಗುವಿಗೆ ಹೆಸರಿಡುವುದು ಸುಲಭದ ಕೆಲಸವೆಂದು ಯಾರಾದರೂ ಹೇಳಿದರೆ, ಅವರ ಮನೆಯಲ್ಲಿ ದಾದಿ, ನಾನಿ, ಫುಫು, ಖಾಲಾ ಯಾರೂ ಇಲ್ಲವೆಂದೇ ತಿಳಿಯಬೇಕು. ಅಡುಗೆ ರುಚಿಯಾಗದಿದ್ದರೆ ಸುಮ್ಮನಿರುವ ಮನೆಯವರು ಕೂಡ ಹೆಸರಿನ ವಿಷಯಕ್ಕೆ ಬಂದರೆ ಸುಮ್ಮನಿರುವುದಿಲ್ಲ. ಇದನ್ನು ನೆನಪಿಸುವ ಒಂದು ಸಂಗತಿ ಇತ್ತೀಚೆಗೆ ನಡೆಯಿತು.

ನಮ್ಮ ಮನೆ ವಿಜಯಪುರದ ಸೊಲ್ಲಾಪುರ ರಸ್ತೆಯ ಪಕ್ಕದ ಒಂದು ಗಲ್ಲಿಯಲ್ಲಿದೆ. ಹಗಲೂ ರಾತ್ರಿ ಲಾರಿಗಳ ಸದ್ದು. ಒಂದು ದಿನ ಅಸರ್ ನಮಾಝ್ ಮುಗಿಸಿ ಕುಳಿತಿದ್ದೆ. ನನ್ನ ಬಳಿ ಹಿಂದೆ ಓದಿದ ಹುಡುಗಿಯೊಬ್ಬಳ ತಾಯಿ ಬಂದರು. ಮಗಳಿಗೆ ಹೆಣ್ಣು ಮಗುವಾಗಿ ಐದು ದಿನ. ಅಳಿಯ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾರೆ. ಕೈಯಲ್ಲಿ ಒಂದು ಚೀಟಿ.

"ಆಪಾ, ನಾಡಿದ್ದು ಅಕೀಕಾ ಐತಿ. ಅಳಿಯಂದ್ರು ಈ ಹೆಸರು ಕಳಿಸ್ಯಾರ. ಇಡಬಹುದೋ ಇಲ್ಲೋ ನೀವೇ ಹೇಳ್ರಿ. ಮನ್ಯಾಗ ದೊಡ್ಡ ಜಗಳ ಆಗೇದ" ಎಂದರು.

ಚೀಟಿಯಲ್ಲಿ ಉರ್ದುವಿನಲ್ಲಿ ನಾಲ್ಕೇ ಅಕ್ಷರ. ನೂನ್, ವಾವ್, ರೇ, ಸೀನ್. ನೌರಸ್.

ಜಗಳ ಏನೆಂದು ಕೇಳಿದೆ. ಮಗುವಿನ ದಾದಿಗೆ ಹೆಸರು ಬಿಲ್ಕುಲ್ ಬೇಡ. ದೊಡ್ಡಪ್ಪನ ಪ್ರಕಾರ ಅದು ನಾಟಕದವರ ಶಬ್ದ, ನವರಸ ಅಂದರೆ ಕುಣಿತ, ಹಾಡು. ಕಾಲೇಜಿಗೆ ಹೋಗುವ ಚಿಕ್ಕಪ್ಪನ ಮಗ ಮಾತ್ರ ನಗುತ್ತಾ, "ನವರಸ ನಾಯಕ ಜಗ್ಗೇಶ್ ಹೆಸರು ಇಡ್ತೀರೇನು?" ಎಂದನಂತೆ. ಒಮಾನಿನಲ್ಲಿ ಹಿಂದೆ ದುಡಿದು ಬಂದ ಇನ್ನೊಬ್ಬರು, "ಅದು ಮೊಬೈಲ್ ಸಿಮ್ ಕಂಪೆನಿ ಹೆಸರು, ಹುಡುಗಿಗೆ ಯಾಕೆ?" ಎಂದಿದ್ದಾರೆ. ಒಂದು ಹೆಸರಿಗೆ ನಾಲ್ಕು ಆಕ್ಷೇಪ! ಬಾಣಂತಿ ಮಾತ್ರ ಸುಮ್ಮನೆ ಮಲಗಿ ಎಲ್ಲರ ಮಾತು ಕೇಳುತ್ತಿದ್ದಾಳೆ. ಅವಳಿಗೆ ಹೆಸರು ಇಷ್ಟವಾಗಿದೆ ಎಂದು ತಾಯಿ ಮೆಲ್ಲಗೆ ಹೇಳಿದರು.

ಒಂದು ದಿನ ಸಮಯ ಕೊಡಿ ಎಂದೆ. ಆ ಒಂದು ದಿನದಲ್ಲಿ ನಾನು ಕಂಡುಕೊಂಡದ್ದನ್ನು ನಿಮಗೂ ಹೇಳಬೇಕೆನಿಸಿದೆ. ಯಾಕೆಂದರೆ ಈ ನಾಲ್ಕಕ್ಷರ ಎಷ್ಟು ದೂರ ಹೋಗಿ ಬಂದಿದೆ ಎಂಬುದು ನನಗೂ ಪೂರ್ತಿ ಗೊತ್ತಿರಲಿಲ್ಲ.

ಮೊದಲು ಸಿಮ್ ಕಂಪೆನಿಯ ಮಾತು. ಅವರು ಹೇಳಿದ್ದು ಸುಳ್ಳಲ್ಲ. ಒಮಾನ್‌ನಲ್ಲಿ 2005ರಲ್ಲಿ ಎರಡನೆಯ ಮೊಬೈಲ್ ಕಂಪೆನಿಯಾಗಿ ಆರಂಭವಾದದ್ದು ನೌರಸ್. ಈ ಪತ್ರಿಕೆಯನ್ನು ಓದುವ ಎಷ್ಟೋ ಸಹೋದರಿಯರ ಮನೆಯವರು ಆ ಸಿಮ್‌ನಿಂದಲೇ ಊರಿಗೆ ಫೋನ್ ಮಾಡಿರಬೇಕು. 2014ರಲ್ಲಿ ಅದರ ಹೆಸರು ಊರೀಡೂ ಎಂದು ಬದಲಾಯಿತು. ಈಗ ಆ ಹೆಸರಿನ ಸಿಮ್ ಇಲ್ಲ. ಆದರೆ ಕಂಪೆನಿಯವರು ಆ ಹೆಸರನ್ನು ತಾವೇ ಹುಟ್ಟಿಸಿದ್ದಲ್ಲ. ಅರಬಿ ನಿಘಂಟು ತೆರೆದರೆ ನೌರಸ್ ಎಂದರೆ ಒಂದು ಕಡಲ ಹಕ್ಕಿ. ಬಿಳಿ ಮೈ, ಬೂದು ರೆಕ್ಕೆ. ದೋಣಿಗಳ ಹಿಂದೆ ಗುಂಪು ಗುಂಪಾಗಿ ಹಾರುವ ಹಕ್ಕಿ. ಚಳಿಗಾಲದಲ್ಲಿ ಮಲ್ಪೆ, ಕಾರವಾರದ ಕಡೆ ಇರುವ ಓದುಗರು ಅದನ್ನು ನೋಡಿರುತ್ತಾರೆ. ಸಮುದ್ರದಿಂದ ದೂರವಿರುವ ನಮಗೆ ವಿಜಯಪುರದಲ್ಲಿ ಕಾಗೆ, ಪಾರಿವಾಳವೇ ಗತಿ. ಅರಬ್ ದೇಶಗಳಲ್ಲಿ ಗಂಡು ಮಕ್ಕಳಿಗೂ ಹೆಣ್ಣು ಮಕ್ಕಳಿಗೂ ಈ ಹೆಸರಿಡುತ್ತಾರೆ. ಚೆಕಾಫ್ ಎಂಬ ರಷ್ಯಾದ ಪ್ರಸಿದ್ಧ ಲೇಖಕ ಕಡಲ ಹಕ್ಕಿಯ ಹೆಸರಿನಲ್ಲಿ ಬರೆದ ನಾಟಕ ಅರಬಿಗೆ ಬಂದದ್ದೂ ಇದೇ ಹೆಸರಿನಲ್ಲಿ.

ಹಕ್ಕಿಯ ಹೆಸರು ಮನುಷ್ಯರಿಗೆ ಸರಿಯೇ ಎಂದು ಯಾರಾದರೂ ಕೇಳಬಹುದು. ನಮ್ಮಲ್ಲಿ ಶಾಹೀನ್ ಇಲ್ಲವೇ? ಅದು ಡೇಗೆ ಹಕ್ಕಿ. ಎಷ್ಟು ಮನೆಗಳಲ್ಲಿ ಶಾಹೀನ್ ಇದ್ದಾರೆ! ಬೀದರ್‌ನ ದೊಡ್ಡ ಶಿಕ್ಷಣ ಸಂಸ್ಥೆಗೂ ಅದೇ ಹೆಸರು. ಅಂದಲೀಬ್ ಎಂದರೆ ಬುಲ್‌ಬುಲ್. ಉಸಾಮಾ ಎಂದರೆ ಸಿಂಹ. ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿ ಹ. ಅಬೂ ಹುರೈರಾ(ರ)ರವರು ಬೆಕ್ಕಿನ ಮರಿಯ ಹೆಸರಿನಿಂದಲೇ ಪ್ರಸಿದ್ಧರು. ಪ್ರವಾದಿ(ಸ)ರವರು ಬದಲಾಯಿಸಿದ್ದು ಕೆಟ್ಟ ಅರ್ಥದ ಹೆಸರುಗಳನ್ನು. ಹ. ಉಮರ್(ರ)ರ ಮಗಳೊಬ್ಬಳಿಗೆ ‘ಮಾತು ಕೇಳದವಳು’ ಎಂಬ ಅರ್ಥದ ಹೆಸರಿತ್ತು. ಅದನ್ನು ಬದಲಾಯಿಸಿ ಜಮೀಲಾ ಎಂದಿಟ್ಟರು. ‘ಜಮೀಲಾ’ ಇಂದಿಗೂ ನಮ್ಮ ಗಲ್ಲಿಗಳಲ್ಲಿದೆ. ಕಡಲ ಹಕ್ಕಿಯಲ್ಲಿ ಬದಲಾಯಿಸುವಂಥದ್ದು ಏನೂ ಇಲ್ಲ.

ಇಲ್ಲಿಗೇ ಉತ್ತರ ಸಿಕ್ಕಿತ್ತು, ನಿಲ್ಲಿಸಬಹುದಿತ್ತು. ಆದರೆ ದೊಡ್ಡಪ್ಪನ ಆಕ್ಷೇಪ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದೂ ಸುಳ್ಳಲ್ಲ. ನಮ್ಮ ಊರಿನಲ್ಲಿ ನೌರಸ್ ಎಂದರೆ ಹಕ್ಕಿಯ ನೆನಪು ಯಾರಿಗೂ ಬರುವುದಿಲ್ಲ. ನೆನಪಾಗುವುದು ನವರಸಪುರ.

ಸೊಲ್ಲಾಪುರ ರಸ್ತೆಯಿಂದ ಊರೊಳಗೆ ಬಂದು, ಅಲ್ಲಿಂದ ಪಶ್ಚಿಮಕ್ಕೆ ತಿಕೋಟಾ, ಅಥಣಿ ಕಡೆಗೆ ಹೋಗುವ ರಸ್ತೆ ಹಿಡಿದರೆ ಐದಾರು ಕಿಲೋಮೀಟರಿನಲ್ಲಿ ತೊರವಿ. ನಿಮ್ಮಲ್ಲಿ ಕೆಲವರ ಹೆಣ್ಣು ಮಕ್ಕಳು ದಿನಾ ಆ ದಾರಿಯಲ್ಲಿ ಓಡಾಡುತ್ತಿರಬಹುದು. 2003ರಲ್ಲಿ ಸ್ಥಾಪನೆಯಾದ ರಾಜ್ಯದ ಮಹಿಳಾ ವಿಶ್ವವಿದ್ಯಾನಿಲಯ ಇರುವುದು ಅಲ್ಲೇ. 2017ರಿಂದ ಅದಕ್ಕೆ ಅಕ್ಕಮಹಾದೇವಿಯ ಹೆಸರು. ಕುಮಾರ ವಾಲ್ಮೀಕಿ ತೊರವೆ ರಾಮಾಯಣ ಬರೆದ ಊರೂ ಅದೇ ಎಂದು ಬಿ.ಎ. ತರಗತಿಯಲ್ಲಿ ಓದಿದ ನೆನಪು. ಆ ತೊರವಿಯ ಹತ್ತಿರ, ಹೊಲಗಳ ನಡುವೆ ಎತ್ತರದ ಕಮಾನಿನ ಒಂದು ಪಾಳು ಕಟ್ಟಡ ಕಾಣುತ್ತದೆ. ಅದು ಸಂಗೀತ ಮಹಲ್. ಊರೊಳಗಿನ ಗಗನ ಮಹಲ್ ನೋಡಿದವರಿಗೆ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸುತ್ತದೆ, ಎರಡರ ರಚನೆ ಹಾಗೆ ಹೋಲುತ್ತದೆ. ಪಕ್ಕದಲ್ಲೇ ನಾರಿ ಮಹಲ್. ಇವೇ ನವರಸಪುರದಲ್ಲಿ ಉಳಿದವು.

ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್ 1580ರಿಂದ 1627ರ ತನಕ ಅರಸನಾಗಿದ್ದ. ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಅವನ ಪರವಾಗಿ ರಾಜ್ಯ ನೋಡಿಕೊಂಡವಳು ಚಾಂದ್ ಬೀಬಿ. ದೊಡ್ಡವನಾದ ಮೇಲೆ ಅವನಿಗೆ ಸಂಗೀತದ ಹುಚ್ಚು ಎಷ್ಟೆಂದರೆ 1599ರಲ್ಲಿ ಊರ ಪಶ್ಚಿಮಕ್ಕೆ ಹೊಸದೊಂದು ಪಟ್ಟಣವನ್ನೇ ಕಟ್ಟಿಸಲು ಆರಂಭಿಸಿದ. ಅದಕ್ಕೆ ಇಟ್ಟ ಹೆಸರು ನೌರಸಪುರ. ತಾನು ದಖನಿಯಲ್ಲಿ ರಚಿಸಿದ ಹಾಡುಗಳ ಪುಸ್ತಕಕ್ಕೂ ಅದೇ ಹೆಸರು, ಕಿತಾಬೆ ನೌರಸ್. ನಾವು ಮನೆಯಲ್ಲಿ ಮಕ್ಕಳನ್ನು ಗದರಿಸುವ, ಸಂತೆಯಲ್ಲಿ ಚೌಕಾಶಿ ಮಾಡುವ ಅದೇ ದಖನಿಯ ಹಳೆಯ ರೂಪ ಅದು. 59 ಹಾಡು, 17 ದೋಹೆ. ಭೂಪಾಲಿ, ಮಲ್ಹಾರ, ಕಾನಡಾ ಮುಂತಾದ ರಾಗಗಳಲ್ಲಿ. 1956ರಲ್ಲಿ ಪ್ರೊ. ನಝೀರ್ ಅಹ್ಮದ್‌ರವರು ಅದನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಅಷ್ಟಕ್ಕೇ ಅರಸನಿಗೆ ತೃಪ್ತಿಯಾಗಲಿಲ್ಲ. ನಾಣ್ಯಕ್ಕೂ ನೌರಸ್ ಎಂದೇ ಹೆಸರಾಯಿತು, ಹಬ್ಬಕ್ಕೂ ಅದೇ. ಅವನ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾನ ದೊಡ್ಡ ಗ್ರಂಥವನ್ನು ಇಂದು ಎಲ್ಲರೂ ತಾರೀಖೆ ಫಿರಿಶ್ತಾ ಎನ್ನುತ್ತಾರೆ, ಆದರೆ ಅದಕ್ಕೆ ನೌರಸ್ ನಾಮಾ ಎಂಬ ಹೆಸರೂ ಇದೆ. ನಮ್ಮ ಮನೆಯಲ್ಲಿ ಹೊಸ ಸ್ಟೀಲ್ ಪಾತ್ರೆ ತಂದಾಗ ಎಲ್ಲದರ ಮೇಲೂ ಹೆಸರು ಕೊರೆಸುತ್ತೇವಲ್ಲ, ಹಾಗೆ! ತಂಬೂರಿಯೊಂದೇ ಹೇಗೋ ತಪ್ಪಿಸಿಕೊಂಡಿತು. ಅದನ್ನು ಅವನು ಪ್ರೀತಿಯಿಂದ ಮೋತಿ ಖಾನ್ ಎಂದು ಕರೆಯುತ್ತಿದ್ದ.

ಸಂಗೀತಗಾರರಲ್ಲಿ ಮೂರು ವರ್ಗ ಮಾಡಿದ್ದನಂತೆ. ಅರಸನ ಸಮ್ಮುಖದಲ್ಲೇ ಹಾಡುವವರು ಹುಝೂರಿಗಳು. ದರ್ಬಾರಿನಲ್ಲಿ ಹಾಡುವವರು ದರ್ಬಾರಿಗಳು. ಊರಿನ ಜನರಿಗಾಗಿ ಹಾಡುವವರು ಶಹರಿಗಳು. ಮೂರನೆಯವರ ಬಗ್ಗೆ ನನಗೆ ಕುತೂಹಲ. ಅರಸನ ಕಿವಿಗೆ ಬೀಳದ ಅವರ ಹಾಡನ್ನು ನಿಂತು ಕೇಳಿದವರು ಯಾರು? ನೀರು ಹೊತ್ತು ಹೋಗುವ ಹೆಂಗಸರೋ, ಬಾಗಿಲ ಸಂದಿಯಲ್ಲಿ ನಿಂತ ನಮ್ಮಂಥವರೋ? ಪುಸ್ತಕಗಳು ಅದನ್ನು ಬರೆದಿಡುವುದಿಲ್ಲ.

ಈಗ ಹೆಸರಿನ ಅರ್ಥಕ್ಕೆ ಬರೋಣ. ಸಂಸ್ಕೃತದಲ್ಲಿ ನವ ಎಂದರೆ ಒಂಬತ್ತು, ರಸ ಎಂದರೆ ಸಾರ, ಭಾವ. ಶೃಂಗಾರ, ಹಾಸ್ಯ, ಕರುಣ, ರೌದ್ರ, ವೀರ, ಭಯಾನಕ, ಬೀಭತ್ಸ, ಅದ್ಭುತ, ಶಾಂತ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಭರತನ ಮೂಲ ಪಟ್ಟಿಯಲ್ಲಿದ್ದದ್ದು ಎಂಟೇ. ಶಾಂತ ಆಮೇಲೆ ಸೇರಿತು. (ಎಂಟೂ ನಮ್ಮ ಮನೆಗಳಲ್ಲಿ ದಿನಾ ಸಿಗುತ್ತವೆ, ಕಾಯುವುದು ಒಂಬತ್ತನೆಯದಕ್ಕೇ!)

ಪಾರ್ಸಿಗೆ ಬನ್ನಿ. ಅಲ್ಲಿ ನೌ ಎಂದರೆ ಹೊಸದು. ರಸ್ ಬಂದದ್ದು ರಸೀದನ್ ಎಂಬ ಕ್ರಿಯಾಪದದಿಂದ, ಅಂದರೆ ತಲುಪುವುದು, ಬರುವುದು. ನೌರಸ್ ಎಂದರೆ ಹೊಸದಾಗಿ ಬಂದದ್ದು, ಆಗಷ್ಟೇ ಮಾಗಿದ ಹಣ್ಣು. ಇರಾನಿನಿಂದ ಬಂದು ಬಿಜಾಪುರದಲ್ಲಿ ನೆಲೆಸಿದ ಕವಿ ಝುಹೂರಿ ಅರಸನ ಪುಸ್ತಕಕ್ಕೆ ಪಾರ್ಸಿಯಲ್ಲಿ ಮುನ್ನುಡಿ ಬರೆದಾಗ ಈ ಎರಡೂ ಅರ್ಥಗಳನ್ನು ಎದುರೆದುರು ಇಟ್ಟ. ಹಿಂದೂಸ್ತಾನದವರು ಇದನ್ನು ಒಂಬತ್ತು ರಸಗಳ ಬೆರಕೆ ಎನ್ನುತ್ತಾರೆ, ಪಾರ್ಸಿಯವರು ಅರಸನ ವಿದ್ಯೆಯ ಮರದ ಹೊಸ ಹಣ್ಣು ಎಂದುಕೊಂಡರೂ ಸರಿಯೇ ಎಂಬುದು ಅವನ ಮಾತಿನ ಸಾರ. ಒಂದು ಶಬ್ದವನ್ನು ಎರಡು ಭಾಷೆಯವರೂ ತಮ್ಮದೆಂದರು. ಇಬ್ಬರೂ ತಪ್ಪು ಹೇಳಲಿಲ್ಲ. ಅರಸ ಬೇಕೆಂದೇ ಅಂಥ ಶಬ್ದವನ್ನು ಆರಿಸಿಕೊಂಡಿರಬೇಕು ಎಂದು ನನ್ನ ಅಭಿಪ್ರಾಯ. ಅವನ ಊರಿನಲ್ಲಿ ದಖನಿ, ಪಾರ್ಸಿ, ಕನ್ನಡ, ಮರಾಠಿ ಎಲ್ಲವೂ ಒಂದೇ ಪೇಟೆಯಲ್ಲಿ ಕೇಳಿಸುತ್ತಿದ್ದವು.

ಇದನ್ನೆಲ್ಲ ಓದುತ್ತಾ ಕುಳಿತಾಗ ನನಗೆ ಒಮ್ಮೆಗೇ ಹೊಳೆಯಿತು. ಮೂರು ಭಾಷೆಗಳು. ಸಂಸ್ಕೃತದ ಒಂಬತ್ತು ರಸ, ಪಾರ್ಸಿಯ ಹೊಸದಾಗಿ ಬಂದದ್ದು, ಅರಬಿಯ ಕಡಲ ಹಕ್ಕಿ. ಮೂರಕ್ಕೂ ಪರಸ್ಪರ ಸಂಬಂಧವೇ ಇಲ್ಲ. ಆದರೆ ಅರಬಿ ಲಿಪಿಯಲ್ಲಿ ಬರೆದರೆ ಮೂರೂ ಒಂದೇ, ಅದೇ ನೂನ್, ವಾವ್, ರೇ, ಸೀನ್. ಕನ್ನಡದಲ್ಲಿ ನವರಸ ಎಂದು ಬರೆದರೂ ನಾಲ್ಕೇ ಅಕ್ಷರ!

ಇನ್ನೂ ಎಲ್ಲೆಲ್ಲಿ ಈ ಹೆಸರಿದೆ ಎಂದು ಹುಡುಕಿದೆ. ಕರಾಚಿಯಲ್ಲಿ ನೌರಸ್ ಎಂಬ ಶರಬತ್ತಿದೆ. ನಮ್ಮಲ್ಲಿ ರೂಹ್ ಅಫ್ಝಾ ಹೇಗೋ ಅಲ್ಲಿ ರಮಝಾನ್ ಬಂದರೆ ಅದು. ಲಂಡನ್‌ನಲ್ಲಿ ಹಿಂದೂಸ್ತಾನಿ ಸಂಗೀತದ ಮುದ್ರಿಕೆಗಳನ್ನು ಹೊರತಂದ ಸಂಸ್ಥೆಯೊಂದಕ್ಕೆ ನವರಸ್ ರೆಕಾರ್ಡ್ಸ್ ಎಂದು ಹೆಸರು. ನಮ್ಮ ವಿಜಯಪುರದಲ್ಲೇ ಕೆಲವು ವರ್ಷಗಳಲ್ಲಿ ಸರಕಾರದ ವತಿಯಿಂದ ನವರಸಪುರ ಉತ್ಸವ ನಡೆದಿದೆ. ಇನ್ನು ಜಗ್ಗೇಶ್‌ರವರ ವಿಷಯ ಆ ಹುಡುಗ ಹೇಳಿಯೇ ಬಿಟ್ಟಿದ್ದ. ಒಬ್ಬ ಅರಸನ ಊರು, ಒಂದು ಹಾಡಿನ ಪುಸ್ತಕ, ಒಂದು ಸಿಮ್, ಒಂದು ಶರಬತ್ತು, ಒಬ್ಬ ನಟ. ಇವರೆಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿದರೆ ಪರಸ್ಪರ ಏನು ಮಾತಾಡುತ್ತಾರೋ!

ಮರುದಿನ ನಾನೇ ಆ ಮನೆಗೆ ಹೋದೆ. ದೊಡ್ಡಪ್ಪನವರು ಪರದೆಯ ಆಚೆ ಕುಳಿತು ವಾದಕ್ಕೆ ಸಿದ್ಧರಾಗಿದ್ದರು. "ಆ ಅರಸನ ಹಾಡುಗಳಲ್ಲಿ ಸರಸ್ವತಿಯ ಸ್ತುತಿ ಇದೆಯಂತಲ್ಲ?" ಎಂದರು. ಇದೆ ಎಂದೆ. ಗಣಪತಿಯ ಹೆಸರೂ ಇದೆ. ಕಲಬುರಗಿಯ ಹ. ಬಂದೇನವಾಝರ ಪ್ರಶಂಸೆಯೂ ಇದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ಅರಸನ ಅಕೀದಾದ ಲೆಕ್ಕವನ್ನು ಅಲ್ಲಾಹನ ಮುಂದೆ ಅರಸನೇ ಕೊಡಬೇಕು, ನೀವೂ ನಾನೂ ಕೊಡಬೇಕಾಗಿಲ್ಲ. ಅವನು ಬಳಸಿದನೆಂದು ಒಂದು ಶಬ್ದ ಕೆಡುವುದಾದರೆ ಇಬ್ರಾಹೀಮ್ ಎಂಬ ಹೆಸರನ್ನೂ ಬಿಡಬೇಕಾದೀತು ಎಂದೆ. ಅವರು ನಕ್ಕರು. ಅವರ ಹೆಸರಿನಲ್ಲೂ ಇಬ್ರಾಹೀಮ್ ಇತ್ತು.

ಆದರೆ ದಾದಿ ನಗಲಿಲ್ಲ. ಹಾಡು, ನಾಟಕ, ಹಕ್ಕಿ ಇದ್ಯಾವುದೂ ಅವರಿಗೆ ಮುಖ್ಯವಾಗಿರಲಿಲ್ಲ. ನನ್ನನ್ನು ಒಳಗೆ ಕರೆದು, ಒಂದು ಪ್ಲಾಸ್ಟಿಕ್ ಚೀಲದಿಂದ ಕಾಗದಗಳನ್ನು ತೆಗೆದು ಹಾಸಿಗೆಯ ಮೇಲೆ ಹರಡಿದರು. ರೇಷನ್ ಕಾರ್ಡ್, ಮತದಾರರ ಚೀಟಿ, ಆಧಾರ್, ಬ್ಯಾಂಕಿನ ಪುಸ್ತಕ. ಎಲ್ಲದರಲ್ಲೂ ಅವರದೇ ಹೆಸರು, ಆದರೆ ಒಂದರಲ್ಲಿದ್ದಂತೆ ಇನ್ನೊಂದರಲ್ಲಿಲ್ಲ. ಒಂದು ಕಡೆ ಕೊನೆಗೆ ‘ಬಿ’, ಒಂದು ಕಡೆ ‘ಬೇಗಂ’, ಇನ್ನೊಂದು ಕಡೆ ಎರಡೂ ಇಲ್ಲ, ಮಧ್ಯದ ಅಕ್ಷರವೂ ಬೇರೆ. ಪತಿ ತೀರಿಹೋದ ಮೇಲೆ ಪಿಂಚಣಿಗಾಗಿ ಒಂದು ಕಚೇರಿಗೆ ಎಂಟು ಸಲ ಅಲೆದಿದ್ದಾರೆ. ಈ ಹೆಂಗಸೂ ಆ ಹೆಂಗಸೂ ಒಬ್ಬರೇ ಎಂದು ಛಾಪಾ ಕಾಗದದ ಮೇಲೆ ಬರೆಸಿಕೊಂಡು ಬನ್ನಿ ಎಂದರಂತೆ.

"ನನ್ನ ಹೆಸರು ಎಲ್ಲರಿಗೂ ಗೊತ್ತಿರೋ ಹೆಸರು, ಆಪಾ. ಅದನ್ನೇ ಮೂರು ಥರಾ ಬರದಾರ. ಇನ್ನ ಈ ಹೆಸರು ಯಾರಿಗೆ ಬರೀಲಿಕ್ಕೆ ಬರತೈತಿ? ನರ್ಸ್ ಅಂತ ಬರದ್ರ ಏನ್ ಮಾಡ್ತೀರಿ? ನನ್ನ ಮೊಮ್ಮಗಳು ನಂಗತೆ ಓಡ್ಯಾಡಬೇಕೇನು?"

ಸಹೋದರಿಯರೇ, ನನ್ನ ನಿಘಂಟುಗಳಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಮದರಸಾದಲ್ಲೂ ಕಾಲೇಜಿನಲ್ಲೂ ನಾನು ಹೆಸರಿನ ಅರ್ಥ ಕಲಿತಿದ್ದೆ, ಹೆಸರು ಕೌಂಟರಿನ ಆಚೆ ಏನಾಗುತ್ತದೆ ಎಂಬುದನ್ನು ಆ ಚೀಲ ಕಲಿಸಿತು. ಅಪರೂಪದ ಹೆಸರಿಗೆ ಇದೊಂದು ನಿಜವಾದ ತೊಂದರೆ. ನೌರಸ್, ನವ್ರಸ್, ನವರಸ್, ನವರಸ, ಕೇಳಿದವರು ಕೇಳಿದಂತೆ ಬರೆಯುತ್ತಾರೆ. ಇಂಗ್ಲಿಷಿನಲ್ಲಂತೂ ಇನ್ನೂ ನಾಲ್ಕು ಬಗೆ. ನಮ್ಮ ಊರೇ ನೋಡಿ. ಇಬ್ರಾಹೀಮ್ ಇದನ್ನು ವಿದ್ಯಾಪುರ ಎಂದ, ನಾವು ಬಿಜಾಪುರ ಎಂದೆವು, 2014ರ ನವೆಂಬರ್ 1ರಿಂದ ವಿಜಯಪುರ. ಹೆಸರು ಬದಲಾದರೆ ಊರನ್ನು ಯಾರೂ ಕಚೇರಿಗೆ ಅಲೆಸುವುದಿಲ್ಲ. ಹೆಣ್ಣು ಮಗಳನ್ನು ಅಲೆಸುತ್ತಾರೆ. ಮದುವೆಯಾದ ಮೇಲೆ ವಿಳಾಸ ಬದಲು, ಕೆಲವರಲ್ಲಿ ಹೆಸರಿನ ಬಾಲವೂ ಬದಲು. ಶಾಲೆಯ ಟಿ.ಸಿ.ಯಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಒಂದು. ಗಂಡನ ಬಳಿ ಗಲ್ಫ್‌ಗೆ ಹೋಗಬೇಕೆಂದಾಗ ಒಂದಕ್ಷರಕ್ಕಾಗಿ ವೀಸಾ ನಿಂತ ಮನೆಗಳನ್ನು ನಾನೇ ನೋಡಿದ್ದೇನೆ.

ಹಾಗಾಗಿ ನಾವು ಅಲ್ಲೇ ಕುಳಿತು ಒಂದು ಕೆಲಸ ಮಾಡಿದೆವು. ದೊಡ್ಡ ಬಿಳಿ ಹಾಳೆಯ ಮೇಲೆ ಹೆಸರನ್ನು ಕನ್ನಡದಲ್ಲಿ, ಉರ್ದುವಿನಲ್ಲಿ, ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಬರೆದೆ. ಕನ್ನಡದಲ್ಲಿ ‘ನೌರಸ್’ ಎಂದು ನಿರ್ಧರಿಸಿದೆವು. ನವರಸ ಎಂದರೆ ಎಲ್ಲರೂ ನಾಟಕವನ್ನೇ ನೆನೆಯುತ್ತಾರೆ. ಕೊನೆಗೆ ಬಿ, ಬೇಗಂ, ಬಾನು ಯಾವುದೂ ಬೇಡ, ತಂದೆಯ ಹೆಸರು ಮಾತ್ರ ಸಾಕು ಎಂದು ದಾದಿಯೇ ಹೇಳಿದರು. ಜನನ ಪ್ರಮಾಣ ಪತ್ರಕ್ಕೆ ಹೋಗುವವರು ಬಾಯಲ್ಲಿ ಹೇಳದೆ ಈ ಹಾಳೆಯನ್ನೇ ಕೊಡುವುದು, ಕೈಗೆ ಬಂದ ಪತ್ರವನ್ನು ಕೌಂಟರಿನ ಮುಂದೆ ನಿಂತೇ ಅಕ್ಷರ ಅಕ್ಷರ ಓದುವುದು, ಮುಂದೆ ಆಧಾರ್‌ಗೂ ಶಾಲೆಗೂ ಇದೇ ಪತ್ರವನ್ನು ತೋರಿಸುವುದು. ನಿಮ್ಮ ಮನೆಯಲ್ಲಿ ಮಗು ಹುಟ್ಟಿದ್ದರೆ ನೀವೂ ಹಾಗೆ ಮಾಡಿ. ಮಗುವಿನ ಹೆಸರು ಸಾಮಾನ್ಯದ್ದಾದರೂ ಮಾಡಿ.

ಹಾಳೆ ಬರೆದು ಮುಗಿದ ಮೇಲೆ ದಾದಿ ಕೇಳಿದರು, "ಹಕ್ಕಿ ಅಂದ್ರಿ, ಹಣ್ಣು ಅಂದ್ರಿ, ಒಂಬತ್ತು ರಸ ಅಂದ್ರಿ. ಇದರಾಗ ನಮ್ಮ ಹುಡುಗೀದು ಯಾವುದು?"

ಪಾರ್ಸಿಯ ಅರ್ಥ ಹೇಳಿದೆ. ಹೊಸದಾಗಿ ಬಂದವಳು. ದಾದಿ ತೊಟ್ಟಿಲ ಕಡೆ ನೋಡಿದರು. ಆರು ದಿನದ ಮಗು ಮುಷ್ಟಿ ಬಿಗಿದು ಮಲಗಿತ್ತು. "ಅದು ಖರೇ ಐತಿ ಬಿಡ್ರಿ" ಎಂದರು.

ನವರಸಪುರ ಹೆಚ್ಚು ಕಾಲ ಬಾಳಲಿಲ್ಲ ಎಂಬುದನ್ನು ನಾನು ಆ ಮನೆಯಲ್ಲಿ ಹೇಳಲಿಲ್ಲ. ಬಾಣಂತಿಯ ಮನೆಯಲ್ಲಿ ಯಾಕೆ ಆ ಮಾತು? 1624ರಲ್ಲಿ ಅಹ್ಮದ್‌ನಗರದ ಮಲಿಕ್ ಅಂಬರ್ ಭಾತ್ವಡಿಯ ಯುದ್ಧ ಗೆದ್ದು ಇತ್ತ ನುಗ್ಗಿ ಬಂದ. ಆಗ ಆ ಪಟ್ಟಣ ಲೂಟಿಯಾಗಿ ಹಾಳಾಯಿತು. ಕಟ್ಟಲು ಆರಂಭಿಸಿ ಇಪ್ಪತ್ತೈದೇ ವರ್ಷ. ಅರಸ ಅದನ್ನು ಕಣ್ಣಾರೆ ನೋಡಿ, ಆಮೇಲೆ ಮೂರು ವರ್ಷ ಬದುಕಿದ್ದ. ಈಗ ಇಬ್ರಾಹೀಮ್ ರೋಝಾದಲ್ಲಿ ತನ್ನ ತಾಯಿ, ಪತ್ನಿ ತಾಜ್ ಸುಲ್ತಾನಾ ಮತ್ತು ಮಕ್ಕಳ ಪಕ್ಕದಲ್ಲಿ ಮಲಗಿದ್ದಾನೆ. ಹಾಡುಗಾರರ ಪಟ್ಟಣದಲ್ಲಿ ಎರಡು ಪಾಳು ಮಹಲು, ಅಲ್ಲಲ್ಲಿ ಗೋಡೆ ಉಳಿದಿವೆ. ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ. ಕುಡಿಯುವ ನೀರು ಜೊತೆಗಿರಲಿ, ಬಿಸಿಲು ಜೋರಿರುತ್ತದೆ.

ಅಕೀಕಾ ದಿನ ನಾನೂ ಹೋಗಿದ್ದೆ. ಹೆಸರಿಟ್ಟ ಮೇಲೆ ಮಗುವಿನ ತಂದೆ ಮಸ್ಕತ್‌ನಿಂದ ವೀಡಿಯೊ ಕರೆ ಮಾಡಿದರು. ಮತ್ರಾ ಎಂಬಲ್ಲಿ ಸಮುದ್ರದ ದಂಡೆಯ ರಸ್ತೆಯಲ್ಲಿ ನಿಂತಿದ್ದರು. ಫೋನನ್ನು ನೀರಿನ ಕಡೆ ತಿರುಗಿಸಿ, "ಅಮ್ಮೀ, ನೋಡ್ರಿ, ಇದೇ ನೌರಸ್" ಎಂದರು. ದೋಣಿಗಳ ಮೇಲೆ ಬಿಳಿ ಹಕ್ಕಿಗಳು ಕೂಗುತ್ತಾ ಸುತ್ತುತ್ತಿದ್ದವು. ದಾದಿ ಕನ್ನಡಕ ಹಾಕಿಕೊಂಡು, ಫೋನನ್ನು ಮೂಗಿನ ತನಕ ತಂದು ಬಹಳ ಹೊತ್ತು ನೋಡಿದರು.

"ಇದೇನು, ಬಾತುಕೋಳಿ ಹಂಗ ಐತಿ" ಎಂದು ಫೋನನ್ನು ಸೊಸೆಯ ಕೈಗೆ ಕೊಟ್ಟು, ಬಿರಿಯಾನಿ ಬಡಿಸಲು ಎದ್ದರು.